ಓದುಗರ ಪ್ರಶ್ನೆಗೆ ಉತ್ತರ: ಅಗ್ಗದ ಬ್ರೇಸ್ ಪಿಸ್ತೂಲು ಕೊಳ್ಳುವ ಮುನ್ನ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರಿಂದ): ಮಾನ್ಯರೆ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಕೆಯ ತೋಟಾಕೋವಿ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಇದೆ. ಮಗ ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಗ್ರೀನ್ ಕಾರ್ಡ್ ದೊರೆತು ಎರಡು ವರ್ಷವಾಯಿತು. ಈ ಸಲ ಕೊಯ್ಲು ಮುಗಿಸಿಕೊಂಡು ನಾನೂ ನನ್ನ ಹೆಂಡತಿಯೂ ಸಂದರ್ಶಕ ವೀಸಾದ ಮೇಲೆ ಹೋಗಿ ಕೆಲವು ತಿಂಗಳು ಅಲ್ಲಿರುವವರಿದ್ದೇವೆ. ರಜಾದಿನಗಳಲ್ಲಿ ರೇಂಜಿಗೆ ಹೋಗಿ ಗುರಿ ಹೊಡೆಯುವುದಕ್ಕೆಂದು ಬ್ರೇಸ್ (ಮುಂಗೈಗೆ ಬಿಗಿದುಕೊಳ್ಳುವ ಆಸರೆ) ಜೋಡಿಸಿದ 9 ಮಿ.ಮೀ. ಪಿಸ್ತೂಲೊಂದನ್ನು ಕೊಳ್ಳುವ ಯೋಚನೆ ಅವನಿಗೆ. ಬೆಲೆ 500 ಡಾಲರಿನ ಒಳಗೆ, ನಳಿಕೆ ಸುಮಾರು ಆರೂವರೆ ಇಂಚು, ಮೈಯೆಲ್ಲ ಪ್ಲಾಸ್ಟಿಕ್ಕು. ಚಿತ್ರ ಕಳಿಸಿ, ‘ಅಪ್ಪಯ್ಯ, ನಿಮಗೆ ಕೋವಿ ಗೊತ್ತಲ್ಲ, ಇದು ಹೇಗಿದೆ ನೋಡಿ ಹೇಳಿ, ಇಬ್ಬರೂ ಸೇರಿ ಹೊಡೆಯೋಣ’ ಎಂದಿದ್ದಾನೆ. ನನಗೆ ಅದು ಪಿಸ್ತೂಲೋ ರೈಫಲ್ಲೋ ಎಂಬುದೇ ತಿಳಿಯಲಿಲ್ಲ. ಇಷ್ಟು ಕಡಿಮೆ ಬೆಲೆಯದನ್ನು ನಂಬಬಹುದೆ? ನಂಬುವ ಮುನ್ನ ಏನೇನನ್ನು ನೋಡಬೇಕು?

ಉತ್ತರ: ಪಿಸ್ತೂಲಿನ ಗುಣದೋಷಕ್ಕೆ ಹೋಗುವ ಮುನ್ನ, ನೀವು ಕೇಳದೆ ಬಿಟ್ಟಿರುವ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ. ಸಂದರ್ಶಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ವಶ ಎಂದರೆ ಕೊಂಡು ತಂದು ಮನೆಯಲ್ಲಿ ಇಟ್ಟುಕೊಳ್ಳುವುದು ಮಾತ್ರವಲ್ಲ. ರೇಂಜಿನಲ್ಲಿ ಮಗನ ಕೈಯಿಂದ ಪಡೆದು ಹತ್ತು ತೋಟೆ ಹಾರಿಸಿದರೂ ಅದು ವಶವೇ. ಅಲ್ಲಿನ ಯಾವುದಾದರೊಂದು ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆಯಾದರೂ, ಅದನ್ನು ಪಡೆಯುವ ಮೊದಲು ಅಲ್ಲಿನ ವಕೀಲರೊಬ್ಬರನ್ನು ಕೇಳಿ, ಅವರ ಮಾತನ್ನು ಬರಹದಲ್ಲಿ ಪಡೆಯದೆ ನೀವು ಮುಟ್ಟಬೇಡಿ ಎಂದು ಒತ್ತಿ ಹೇಳುತ್ತೇನೆ. ಎಚ್‌-1ಬಿ ವೀಸಾದವರಿಗೂ ಇದೇ ನಿಯಮ ಅನ್ವಯಿಸುತ್ತದೆ. ನಮ್ಮ ಕಡೆಯ ಎಷ್ಟೋ ಹುಡುಗರು ಆ ವೀಸಾದ ಮೇಲೆಯೇ ಅಲ್ಲಿದ್ದಾರೆ. ಗೆಳೆಯರ ಗುಂಪಿನೊಡನೆ ರೇಂಜಿಗೆ ಹೋಗಿ, ಬಾಡಿಗೆಯ ಬಂದೂಕು ಹಿಡಿದು ಫೋಟೊ ತೆಗೆಸಿಕೊಳ್ಳುವವರಿಗೆ ಈ ವಿಷಯ ಗೊತ್ತಿರುವುದು ಕಡಿಮೆ. ಈ ಉತ್ತರವನ್ನು ಓದುವ ತಂದೆತಾಯಿಯರು ದಯವಿಟ್ಟು ಮಕ್ಕಳ ಕಿವಿಗೆ ಇದನ್ನು ಹಾಕಬೇಕು. ನಿಮ್ಮ ಮಗನದು ಗ್ರೀನ್ ಕಾರ್ಡ್ ಆದ್ದರಿಂದ ಆ ನಿಷೇಧ ಅವನಿಗಿಲ್ಲ. ಆದರೆ ಅಂಗಡಿಯಲ್ಲಿ ತುಂಬಿಸುವ ನಮೂನೆ 4473ರಲ್ಲಿ, ನಿಜವಾಗಿ ಕೊಳ್ಳುತ್ತಿರುವವನು ತಾನೇ ಎಂದು ಅವನು ಸಹಿ ಹಾಕಬೇಕಾಗುತ್ತದೆ. ಕೊಳ್ಳಲು ಅರ್ಹತೆಯಿಲ್ಲದ ಗೆಳೆಯನೊಬ್ಬನ ಹಣದಲ್ಲಿ, ಅವನ ಪರವಾಗಿ ತನ್ನ ಹೆಸರಿನಲ್ಲಿ ಕೊಂಡುಕೊಟ್ಟರೆ ಅದು ಗಂಭೀರವಾದ ಅಪರಾಧ.

ಇನ್ನು ಅದು ಪಿಸ್ತೂಲೋ ರೈಫಲ್ಲೋ ಎಂಬ ನಿಮ್ಮ ಅನುಮಾನ. ಅಮೆರಿಕದ ಕಾನೂನೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಅನುಮಾನದಲ್ಲಿ ತೊಳಲಾಡಿದೆ. 1934ರಲ್ಲಿ ಬಂದ ಅಲ್ಲಿನ ಕಾಯ್ದೆಯ ಪ್ರಕಾರ, ಭುಜಕ್ಕೆ ಒತ್ತಿಕೊಂಡು ಹಾರಿಸುವ ರೈಫಲಿನ ನಳಿಕೆ 16 ಇಂಚಿಗಿಂತ ಗಿಡ್ಡವಾಗಿದ್ದರೆ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು; 200 ಡಾಲರ್ ತೆರಿಗೆಯನ್ನೂ ಕಟ್ಟಬೇಕಾಗಿತ್ತು. ಪಿಸ್ತೂಲಿಗೆ ಈ ಕಟ್ಟಳೆಯಿಲ್ಲ. 2012ರಲ್ಲಿ ಅಲೆಕ್ಸ್ ಬೋಸ್ಕೊ ಎಂಬ ಮಾಜಿ ಸೈನಿಕರು, ಭಾರವಾದ ದೊಡ್ಡ ಪಿಸ್ತೂಲನ್ನು ಒಂದೇ ಕೈಯಲ್ಲಿ ಸ್ಥಿರವಾಗಿ ಹಿಡಿಯಲಾಗದ ಅಂಗವಿಕಲ ಯೋಧರಿಗೆ ನೆರವಾಗಲೆಂದು, ಮುಂಗೈಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಸಾಧನವೊಂದನ್ನು ರೂಪಿಸಿದರು. ಅದೇ ಬ್ರೇಸ್. ಅದನ್ನು ಜೋಡಿಸಿದ ಮಾತ್ರಕ್ಕೆ ಪಿಸ್ತೂಲು ರೈಫಲ್ ಆಗುವುದಿಲ್ಲವೆಂದು ಅಲ್ಲಿನ ಬಂದೂಕು ನಿಯಂತ್ರಣ ಇಲಾಖೆ ಅದೇ ವರ್ಷ ಪತ್ರ ಕೊಟ್ಟಿತು. ಆಮೇಲೆ ಜನ ಅದನ್ನು ಮುಂಗೈಗೆ ಬಿಗಿದುಕೊಳ್ಳುವುದಕ್ಕಿಂತ ಹೆಚ್ಚಾಗಿ ಭುಜಕ್ಕೆ ಒತ್ತಿಕೊಳ್ಳತೊಡಗಿದರು. 2023ರ ಜನವರಿಯಲ್ಲಿ ಇಲಾಖೆ ಹೊಸ ನಿಯಮ ಹೊರಡಿಸಿ, ಇಂಥವುಗಳಲ್ಲಿ ಬಹುಪಾಲನ್ನು ಗಿಡ್ಡ ರೈಫಲ್ ಎಂದೇ ಎಣಿಸುವುದಾಗಿ ಹೇಳಿತು. ಆ ನಿಯಮವನ್ನು ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ 2024ರ ಜೂನ್ 13ರಂದು ರದ್ದುಪಡಿಸಿತು. 2025ರಲ್ಲಿ ಬಂದ ಕಾಯ್ದೆಯಿಂದಾಗಿ, 2026ರ ಜನವರಿ 1ರಿಂದ ಗಿಡ್ಡ ರೈಫಲಿನ ಆ 200 ಡಾಲರ್ ತೆರಿಗೆ ಸೊನ್ನೆಗೆ ಇಳಿದಿದೆ. ನೋಂದಣಿ ಮಾತ್ರ ಉಳಿದುಕೊಂಡಿದೆ. ಟೆಕ್ಸಸ್‌ನಲ್ಲಿ ತೊಡಕು ಕಡಿಮೆಯಾದರೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ನ್ಯೂಜೆರ್ಸಿಯಂಥ ರಾಜ್ಯಗಳ ಕಾನೂನು ಬಹಳ ಬಿಗಿಯಾದದ್ದು. ಮಗನಿಗೆ ನಾಳೆ ಅಲ್ಲಿಗೆ ವರ್ಗವಾದರೆ ಈ ವಸ್ತುವನ್ನು ಕೊಂಡೊಯ್ಯುವುದೇ ಅಪರಾಧವಾಗಬಹುದು. ಕೆಲಸಕ್ಕಾಗಿ ಊರೂರು ಅಲೆಯಬೇಕಾದ ಹುಡುಗರು ಇದನ್ನು ಬೆಲೆಗಿಂತ ಮೊದಲು ಯೋಚಿಸಬೇಕು. ಇನ್ನೊಂದು ಸಣ್ಣ ಬಲೆಯೂ ಇದೆ. ಹಿಡಿತ ಚೆನ್ನಾಗಿರಲಿ ಎಂದು ಪಿಸ್ತೂಲಿನ ಮುಂಭಾಗಕ್ಕೆ ನೇರವಾಗಿ ಕೆಳಗಿಳಿಯುವ ಇನ್ನೊಂದು ಹಿಡಿಯನ್ನು ಜೋಡಿಸಿದರೆ, ಅಲ್ಲಿನ ಕಾನೂನಿನ ಕಣ್ಣಿನಲ್ಲಿ ಅದು ನೋಂದಣಿ ಬೇಕಾದ ಬೇರೊಂದು ವರ್ಗಕ್ಕೆ ಸೇರಿಬಿಡುತ್ತದೆ. ಆ ಹಿಡಿ ಇಪ್ಪತ್ತು ಡಾಲರಿಗೆ ಎಲ್ಲೆಂದರಲ್ಲಿ ಸಿಗುತ್ತದೆ. ಮಾರುವವರು ಕಾನೂನನ್ನು ಹೇಳುವುದಿಲ್ಲ.

ಈಗ ವಸ್ತುವಿಗೆ ಬರುತ್ತೇನೆ. ಈ ಬೆಲೆಗೆ ಸಿಗುವ 9 ಮಿ.ಮೀ. ಬ್ರೇಸ್ ಪಿಸ್ತೂಲುಗಳಲ್ಲಿ ಹೆಚ್ಚಿನವು ‘ಬ್ಲೋಬ್ಯಾಕ್’ ಎಂಬ ಸರಳ ರಚನೆಯವು. ನಿಮ್ಮ ತೋಟಾಕೋವಿಯಲ್ಲಿ ನಳಿಕೆಯನ್ನು ಮುಚ್ಚಿ ಕೊಂಡಿ ಹಾಕಿದ ಮೇಲೆ ಈಡು ಹಾರುತ್ತದೆ. ಇವುಗಳಲ್ಲಿ ಅಂಥ ಕೊಂಡಿಯೇ ಇಲ್ಲ. ತೋಟೆಯ ಹಿಂದೆ ಇರುವುದು ಭಾರವಾದ ಉಕ್ಕಿನ ಬೋಲ್ಟ್ ಮತ್ತು ಒಂದು ಸ್ಪ್ರಿಂಗ್ ಮಾತ್ರ. ಗುಂಡು ನಳಿಕೆಯಿಂದ ಹೊರಬಿದ್ದು ಒತ್ತಡ ಇಳಿಯುವವರೆಗೆ ಆ ಬೋಲ್ಟಿನ ತೂಕವೇ ತೋಟೆಯನ್ನು ಹಿಡಿದಿಟ್ಟಿರಬೇಕು. ರಚನೆ ಸರಳ, ಬಿಡಿಭಾಗ ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅಷ್ಟು ಭಾರದ ಬೋಲ್ಟ್ ಹಿಂದಕ್ಕೆ ಬಂದು ಬಡಿಯುವುದರಿಂದ, 9 ಮಿ.ಮೀ. ತೋಟೆಗೆ ಇರಬೇಕಾದುದಕ್ಕಿಂತ ಹೆಚ್ಚಿನ ಒದೆತ ಅನುಭವಕ್ಕೆ ಬರುತ್ತದೆ, ಗುರಿಯ ಮೇಲೆ ನೆಟ್ಟ ಕಣ್ಣು ಪ್ರತಿ ಈಡಿಗೂ ಕದಲುತ್ತದೆ. ಜರ್ಮನಿಯ ಎಂಪಿ5 ಮಾದರಿಯವುಗಳಲ್ಲಿ ಉರುಳೆಗಳ ಮೂಲಕ ಬೋಲ್ಟನ್ನು ಕ್ಷಣಕಾಲ ತಡೆಯುವ ವ್ಯವಸ್ಥೆ ಇರುವುದರಿಂದ ಅವು ಮೃದು. ಬೆಲೆ ಮಾತ್ರ ಇದರ ಎರಡು ಮೂರು ಪಟ್ಟಿಗೂ ಮೇಲೆ.

ಪ್ಲಾಸ್ಟಿಕ್ಕಿನ ಮೈಯನ್ನು ಕಂಡು ನೀವು ಹೆದರಬೇಕಾಗಿಲ್ಲ, ಏಕೆಂದರೆ ಒತ್ತಡವನ್ನು ತಡೆಯುವುದು ನಳಿಕೆ ಮತ್ತು ಬೋಲ್ಟ್, ಮೈಯಲ್ಲ. ನೋಡಬೇಕಾದದ್ದು ಬೇರೆಡೆ ಇದೆ. ಬ್ರೇಸನ್ನು ಮಡಚಿ ಬಿಚ್ಚುವ ಕೀಲಿನಲ್ಲಿ ಅಲುಗಾಟ ಇದೆಯೇ ಎಂಬುದು ಮೊದಲ ಪರೀಕ್ಷೆ. ಕೀಲು ಸಡಿಲವಾದರೆ ಬ್ರೇಸಿನಿಂದ ಆಗುವ ಒಂದೇ ಪ್ರಯೋಜನವೂ ಹೋಯಿತು. ಮ್ಯಾಗಝೀನ್, ಅಂದರೆ ತೋಟೆ ತುಂಬಿಸುವ ಡಬ್ಬಿ, ಯಾವುದು ಎಂಬುದು ಎರಡನೆಯದು. ಎಲ್ಲ ಅಂಗಡಿಯಲ್ಲೂ ಸಿಗುವ ಗ್ಲಾಕ್ ಪಿಸ್ತೂಲಿನ ಮಾದರಿಯ ಮ್ಯಾಗಝೀನ್ ಇದಕ್ಕೆ ಹೊಂದುವುದಾದರೆ ಒಳ್ಳೆಯದು. ಪಿಸ್ತೂಲು ಮಾಡಿದ ಕಂಪನಿಯದನ್ನೇ ಹುಡುಕಿ ತರಬೇಕಾದರೆ ಅಗ್ಗದ ಲಾಭ ಅಲ್ಲಿಯೇ ಕರಗುತ್ತದೆ. ಕೊನೆಯ ತೋಟೆ ಹಾರಿದ ಮೇಲೆ ಬೋಲ್ಟ್ ತೆರೆದೇ ನಿಲ್ಲುತ್ತದೆಯೇ ಎಂದು ಕೇಳಬೇಕು, ಏಕೆಂದರೆ ಕೆಲವು ಅಗ್ಗದ ಮಾದರಿಗಳಲ್ಲಿ ನಿಲ್ಲುವುದಿಲ್ಲ, ಖಾಲಿಯಾಯಿತೋ ಸಿಕ್ಕಿಹಾಕಿಕೊಂಡಿತೋ ಎಂಬುದು ಹೊಸಬರಿಗೆ ಗೊತ್ತಾಗುವುದಿಲ್ಲ. ಮುಂದಿನ ಕೈಯಿಂದ ಹಿಡಿಯುವ ಜಾಗದ ತುದಿಯಲ್ಲಿ ಬೆರಳು ಮುಂದಕ್ಕೆ ಜಾರದಂತೆ ತಡೆ ಇರಲೇಬೇಕು. ಆರೂವರೆ ಇಂಚಿನ ನಳಿಕೆಯಲ್ಲಿ ಎಡಗೈಗೂ ನಳಿಕೆಯ ಬಾಯಿಗೂ ಅಂತರ ಬಹಳ ಸಣ್ಣದು.

ನಿಮ್ಮ ಕೋವಿಯ ಅಭ್ಯಾಸವೇ ಇಲ್ಲಿ ಅಪಾಯವಾಗಬಹುದಾದ ಒಂದು ವಿಷಯವಿದೆ. ಮಗನಿಗೆ ನೀವು ಇದನ್ನು ಹೇಳಿದರೆ ದೊಡ್ಡ ಉಪಕಾರವಾದೀತು. ಒಂಟಿ ನಳಿಕೆಯ ಕೋವಿಯನ್ನು ಮುರಿದು ತೆರೆದರೆ ತೋಟೆ ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಇದರಲ್ಲಿ ಮ್ಯಾಗಝೀನನ್ನು ತೆಗೆದಿಟ್ಟರೂ ನಳಿಕೆಯೊಳಗೆ ಒಂದು ತೋಟೆ ಕುಳಿತಿರಬಹುದು. ಮೊದಲು ಮ್ಯಾಗಝೀನ್ ತೆಗೆಯಬೇಕು, ಆಮೇಲೆ ಬೋಲ್ಟನ್ನು ಹಿಂದಕ್ಕೆಳೆದು ಸಿಕ್ಕಿಸಬೇಕು, ಅದಾದ ಮೇಲೆ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು. ಈ ಕ್ರಮ ಹಿಂದುಮುಂದಾದರೆ, ಬೋಲ್ಟ್ ಎಳೆದಾಗ ಹೊರಬಿದ್ದ ತೋಟೆಯ ಜಾಗಕ್ಕೆ ಮ್ಯಾಗಝೀನಿನಿಂದ ಇನ್ನೊಂದು ಸದ್ದಿಲ್ಲದೆ ಏರಿಬಿಡುತ್ತದೆ.

ಕೊಂಡ ಮೇಲೆ ಮೊದಲ 300 ಈಡುಗಳನ್ನು ಮನರಂಜನೆಯೆಂದು ತಿಳಿಯದೆ ಪರೀಕ್ಷೆಯೆಂದು ತಿಳಿಯಬೇಕು. 115 ಗ್ರೇನ್ ಮತ್ತು 124 ಗ್ರೇನ್, ಅಂದರೆ ಸುಮಾರು ಏಳೂವರೆ ಗ್ರಾಂ ಮತ್ತು ಎಂಟು ಗ್ರಾಂ ತೂಕದ ಗುಂಡುಗಳನ್ನು, ಕನಿಷ್ಠ ಎರಡು ಕಂಪನಿಗಳದ್ದನ್ನು ಹೊಡೆದು ನೋಡಬೇಕು. ಮ್ಯಾಗಝೀನುಗಳಿಗೆ ಅಂಟುಪಟ್ಟಿಯ ಮೇಲೆ ಸಂಖ್ಯೆ ಬರೆದು, ಯಾವುದರಲ್ಲಿ ಎಷ್ಟು ಸಲ ತೋಟೆ ಸಿಕ್ಕಿಕೊಂಡಿತೆಂದು ಪುಸ್ತಕದಲ್ಲಿ ಗುರುತಿಟ್ಟುಕೊಂಡರೆ, ತಪ್ಪು ಪಿಸ್ತೂಲಿನದೋ ಮ್ಯಾಗಝೀನಿನದೋ ತೋಟೆಯದೋ ಎಂಬುದು ತಾನಾಗಿ ತಿಳಿಯುತ್ತದೆ. ಹೊರಬಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಆಯ್ದು ನೋಡಬೇಕು. ಬುಡದ ಬಳಿ ಉಬ್ಬಿದ್ದರೆ ಅಥವಾ ಸೀಳಿದ್ದರೆ ಅಲ್ಲಿಗೇ ನಿಲ್ಲಿಸಿ ಕಂಪನಿಗೆ ವಾಪಸು ಕಳಿಸಬೇಕು. ಗುರಿಯ ವಿಚಾರದಲ್ಲಿ ನನ್ನ ಎನ್‌ಸಿಸಿ ದಿನಗಳ ಪಾಠವೊಂದು ಈಗಲೂ ನೆನಪಿಗೆ ಬರುತ್ತದೆ. 0.22 ರೈಫಲಿಗೆ ತಲಾ ಐದೇ ತೋಟೆ ಕೊಡುತ್ತಿದ್ದರು; ಐದೂ ತೂತುಗಳು ಗುರಿಪಟದ ಮೂಲೆಯಲ್ಲಿದ್ದರೂ ಒಂದಕ್ಕೊಂದು ಅಂಟಿಕೊಂಡಿದ್ದರೆ ನಮ್ಮ ಹವಾಲ್ದಾರರು ಬೆನ್ನು ತಟ್ಟುತ್ತಿದ್ದರು, ನಡುವಿಗೆ ಒಂದು ಬಿದ್ದು ನಾಲ್ಕು ಚೆದುರಿದ್ದರೆ ಮಾತಾಡದೆ ಮುಂದೆ ಹೋಗುತ್ತಿದ್ದರು. ನಡುವಿಗೆ ತರುವುದು ಸೈಟಿನ (ಗುರಿ ನೋಡುವ ಸಾಧನದ) ತಿರುಪಿನ ಕೆಲಸ, ಒತ್ತೊತ್ತಾಗಿ ಬೀಳಿಸುವುದು ಬಂದೂಕಿನ ಮತ್ತು ಹೊಡೆಯುವವನ ಕೆಲಸ. ಮಗನೂ ಮರಳಿನ ಚೀಲದ ಮೇಲೆ ಆನಿಸಿ, 25 ಗಜದಲ್ಲಿ ಐದೈದು ಈಡಿನ ನಾಲ್ಕು ಗುಂಪು ಹೊಡೆದು, ಅವುಗಳಲ್ಲಿ ಒಳ್ಳೆಯದೊಂದನ್ನು ಆರಿಸಿಕೊಳ್ಳದೆ ನಾಲ್ಕನ್ನೂ ಅಳೆಯಲಿ. ಇವುಗಳಲ್ಲಿ ಸೈಟು ನಳಿಕೆಗಿಂತ ಸುಮಾರು ಆರು ಸೆಂ.ಮೀ. ಎತ್ತರದಲ್ಲಿರುತ್ತದೆ. ಆದ್ದರಿಂದ 25 ಗಜಕ್ಕೆ ಹೊಂದಿಸಿದ ಪಿಸ್ತೂಲು 7 ಗಜದಲ್ಲಿ ಇಟ್ಟ ಗುರಿಗಿಂತ ನಾಲ್ಕು ಸೆಂ.ಮೀ.ನಷ್ಟು ಕೆಳಗೆ ಹೊಡೆಯುತ್ತದೆ. ಅದನ್ನು ದೋಷವೆಂದು ತಿಳಿಯಬಾರದು.

ಬೆಲೆಯ ಲೆಕ್ಕವನ್ನು ನೀವು ತೋಟದ ಲೆಕ್ಕದಂತೆಯೇ ಮಾಡಿ ನೋಡಿ. ಸಸಿಯ ಬೆಲೆಗಿಂತ ಅದಕ್ಕೆ ಹಾಕುವ ಗೊಬ್ಬರದ್ದೇ ದೊಡ್ಡದಾಗುವ ಹಾಗೆ, ಇಲ್ಲಿ ತೋಟೆಯ ಖರ್ಚೇ ದೊಡ್ಡದು. ಒಂದು 9 ಮಿ.ಮೀ. ತೋಟೆಗೆ ಸುಮಾರು 25 ಸೆಂಟ್ ಎಂದು ಹಿಡಿದು, ತಿಂಗಳಿಗೆ 200 ಈಡು ಹೊಡೆದರೆ ವರ್ಷಕ್ಕೆ 2400 ತೋಟೆ, 600 ಡಾಲರು. ರೇಂಜಿನ ಶುಲ್ಕ ಬೇರೆ. ಪಿಸ್ತೂಲಿನಲ್ಲಿ ಉಳಿಸಿದ ನೂರಿನ್ನೂರು ಡಾಲರು ಆರೇ ತಿಂಗಳಲ್ಲಿ ಲೆಕ್ಕದಿಂದ ಮಾಯವಾಗುತ್ತದೆ. 0.22 ತೋಟೆಯಾದರೆ ಖರ್ಚು ಇದರ ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಆ ಬೆಲೆಯ ಬ್ರೇಸ್ ಪಿಸ್ತೂಲು ಕೆಟ್ಟ ವಸ್ತುವೆಂದು ನಾನು ಹೇಳುವುದಿಲ್ಲ. ಮೇಲಿನ ಪರೀಕ್ಷೆಯಲ್ಲಿ ಗೆದ್ದರೆ ರೇಂಜಿನ ಮಟ್ಟಿಗೆ ನಂಬಬಹುದು. ಆದರೆ ಕೈಕಾಲು ಗಟ್ಟಿಯಿರುವ, ರಜಾದಿನದಲ್ಲಿ ಕಾಗದಕ್ಕೆ ಗುರಿ ಹೊಡೆಯುವ ಹುಡುಗನಿಗೆ ಗಿಡ್ಡ ನಳಿಕೆಯಿಂದ ಬರುವ ಲಾಭ ಏನೂ ಇಲ್ಲ. ರೇಂಜಿನಲ್ಲಿ ಅದನ್ನು ಅಡಗಿಸಿಕೊಳ್ಳಬೇಕಾಗಿಲ್ಲ, ಇಕ್ಕಟ್ಟಿನ ಜಾಗದಲ್ಲಿ ತಿರುಗಿಸಬೇಕಾಗಿಲ್ಲ. ಹೆಚ್ಚುಕಡಿಮೆ ಅದೇ ಬೆಲೆಗೆ 16 ಇಂಚಿನ ನಳಿಕೆಯ, ಭುಜಕ್ಕೆ ಸರಿಯಾಗಿ ಕೂರುವ 9 ಮಿ.ಮೀ. ಕಾರ್ಬೈನೋ, ಅದಕ್ಕಿಂತ ಕಡಿಮೆಗೆ ಒಳ್ಳೆಯ 0.22 ರೈಫಲೋ ಸಿಗುತ್ತದೆ. ಬ್ರೇಸಿನ ಕಾನೂನು ಇನ್ನೊಮ್ಮೆ ಮಗುಚಿಕೊಂಡರೂ ಅವುಗಳಿಗೆ ಅದರ ಬಿಸಿ ತಟ್ಟುವುದಿಲ್ಲ. ನಾನಾಗಿದ್ದರೆ 0.22 ಕೊಂಡು, ಉಳಿದ ಹಣವನ್ನು ತರಬೇತುದಾರರ ಶುಲ್ಕಕ್ಕೂ ತೋಟೆಗೂ ಇಡುತ್ತಿದ್ದೆ. ಕೈಯಲ್ಲಿ ಬಲ ಕಡಿಮೆಯಿರುವವರ, ಒಂದೇ ಕೈಯಲ್ಲಿ ಹಿಡಿಯಬೇಕಾದವರ ಮಾತು ಬೇರೆ. ಬ್ರೇಸ್ ಹುಟ್ಟಿದ್ದೇ ಅವರಿಗಾಗಿ, ಅವರು ಅದನ್ನು ಸಂಕೋಚವಿಲ್ಲದೆ ಕೊಳ್ಳಲಿ.

ಯಾವುದನ್ನೇ ಕೊಂಡರೂ ಕಿವಿಯನ್ನು ಕಾಪಾಡಿಕೊಳ್ಳಬೇಕು. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು, 9 ಮಿ.ಮೀ. ಈಡಿನ ಸದ್ದು 160ರ ಹತ್ತಿರ ಇರುತ್ತದೆ. ಮುಚ್ಚಿದ ರೇಂಜಿನಲ್ಲಿ ಕಿವಿಯೊಳಗಿನ ಬಿರಡೆ, ಅದರ ಮೇಲೆ ಕಿವಿಮುಚ್ಚುಕ, ಎರಡೂ ಬೇಕು. ಹೊಡೆಯದೆ ಪಕ್ಕದಲ್ಲಿ ನಿಂತು ನೋಡುವ ನಿಮಗೂ ಬೇಕು. ತೋಟೆಯ ಹೊಗೆಯಲ್ಲಿ ಸೀಸ ಇರುವುದರಿಂದ, ರೇಂಜಿನಿಂದ ಬಂದ ಕೂಡಲೇ ತಣ್ಣೀರಿನಲ್ಲಿ ಸೋಪು ಹಾಕಿ ಕೈಮುಖ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕು.

ಪ್ರಶ್ನೆ (ಸಾಗರದಿಂದ): ನನ್ನ ಬಳಿ ಪರವಾನಗಿ ಇರುವ 0.32 ಪಿಸ್ತೂಲಿದೆ. ಭುಜಕ್ಕೆ ಆನಿಸಿ ಹಿಡಿಯುವ ಬ್ರೇಸನ್ನು ತರಿಸಿ ಜೋಡಿಸಿಕೊಂಡು ನಮ್ಮ ತೋಟದಲ್ಲಿಯೇ ಗುರಿ ಅಭ್ಯಾಸ ಮಾಡಬಹುದೆ? ವಿದೇಶದಿಂದ ಬರುವ ಸಂಬಂಧಿಕರು ತಂದುಕೊಡುವುದಾಗಿ ಹೇಳುತ್ತಿದ್ದಾರೆ.

ಉತ್ತರ: ಬೇಡ. ತರಿಸಲೂ ಬೇಡಿ, ಜೋಡಿಸಲೂ ಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಎಂಬ ಮಾತಿಗೆ ಅದರ ಬಿಡಿಭಾಗಗಳೂ ಸೇರುತ್ತವೆ. ಒಂದು ವರ್ಗದ ಬಂದೂಕನ್ನು ಪರವಾನಗಿಯಿಲ್ಲದೆ ಇನ್ನೊಂದು ವರ್ಗಕ್ಕೆ ಮಾರ್ಪಡಿಸಬಾರದೆಂಬುದನ್ನು 2019ರ ತಿದ್ದುಪಡಿ ಅದೇ ಕಾಯ್ದೆಯ 6ನೇ ಕಲಮಿಗೆ ಸೇರಿಸಿದೆ. ನಿಮ್ಮ ಪರವಾನಗಿಯಲ್ಲಿ ಬರೆದಿರುವುದು ಪಿಸ್ತೂಲು; ಅದಕ್ಕೆ ಭುಜದ ಆಸರೆ ಕೊಟ್ಟರೆ ಅದನ್ನು ಪಿಸ್ತೂಲೆಂದೇ ಒಪ್ಪಬೇಕೆಂದು ನ್ಯಾಯಾಲಯದಲ್ಲಿ ವಾದಿಸುವ ಸ್ಥಿತಿಗೆ ನೀವೇಕೆ ಹೋಗಬೇಕು? ಮೇಲಿನ ಉತ್ತರದಲ್ಲಿ ಹೇಳಿದ 9 ಮಿ.ಮೀ. ಪಿಸ್ತೂಲಂತೂ ನಮ್ಮಲ್ಲಿ ನಿಷೇಧಿತ ಬೋರಿಗೆ (ನಳಿಕೆಯ ಒಳ ಅಳತೆಯ ವರ್ಗಕ್ಕೆ) ಸೇರಿದ್ದು, ಜಿಲ್ಲಾಧಿಕಾರಿಗಳು ಅದಕ್ಕೆ ಪರವಾನಗಿ ಕೊಡಲು ಬರುವುದಿಲ್ಲ. ಅದು ಕೇಂದ್ರ ಗೃಹ ಸಚಿವಾಲಯದ ಮಟ್ಟದ ವಿಷಯ. ವಿದೇಶದಿಂದ ಬರುವ ಸಂಬಂಧಿಕರಿಗೆ ಇನ್ನೊಂದು ಮಾತನ್ನೂ ಹೇಳಿ. ರೇಂಜಿಗೆ ಒಯ್ದ ಚೀಲವನ್ನೇ ವಿಮಾನಕ್ಕೂ ತರುವವರಿದ್ದಾರೆ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟೆ ನಮ್ಮ ವಿಮಾನನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೂ ಪೊಲೀಸ್ ಪ್ರಕರಣ ದಾಖಲಾಗುತ್ತದೆ. ನೆನಪಿಗೆಂದು ಖಾಲಿ ತೋಟೆಯನ್ನು ತರುವುದೂ ಬೇಡ.

ತೋಟದಲ್ಲಿ ಗುರಿ ಅಭ್ಯಾಸ ಮಾಡುವ ವಿಚಾರವೂ ಅಷ್ಟು ಸುಲಭದ್ದಲ್ಲ. ಕಾಯ್ದೆಯ 13ನೇ ಕಲಮು ಗುರಿ ಅಭ್ಯಾಸದ ಪರವಾನಗಿಯ ಮಾತಾಡುವುದು ಕೇಂದ್ರ ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರ ವಿಚಾರದಲ್ಲಿ. ಆತ್ಮರಕ್ಷಣೆಗೆಂದು ಪಡೆದ ಪಿಸ್ತೂಲಿನ ಪರವಾನಗಿ ನಿಮ್ಮ ಅಡಿಕೆ ತೋಟವನ್ನು ರೇಂಜ್ ಮಾಡುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ನಮ್ಮ ಮಲೆನಾಡಿನವರು ಕೆಲವೊಮ್ಮೆ ತಮಗೂ ಇದೆಯೆಂದು ಮಾತಾಡುತ್ತಾರೆ; ಅದು ಶಿವಮೊಗ್ಗ ಜಿಲ್ಲೆಗೆ ಅನ್ವಯಿಸುವುದಿಲ್ಲ. ಶರಾವತಿ ಕಣಿವೆಯ ಅಭಯಾರಣ್ಯ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಅಭಯಾರಣ್ಯದ ಗಡಿಯಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ; ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯದೊಳಗೆ ಕಾಲಿಡುವುದೂ ಅಪರಾಧ. ಗುಂಡು ಹಾರಿಸುವ ಅಭ್ಯಾಸವೇ ಬೇಕಿದ್ದರೆ, ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಏರ್ಪಡಿಸಿದಾಗ ಅರ್ಜಿ ಹಾಕಿ. ಬಂದೂಕನ್ನು ಎಲ್ಲಿಗೆ ತಿರುಗಿಸಿ ಹಿಡಿಯಬೇಕು, ಬೆರಳು ಯಾವಾಗ ಟ್ರಿಗರಿನ ಮೇಲೆ ಹೋಗಬೇಕು ಎಂಬುದನ್ನು ಅವರು ಕಲಿಸುವಷ್ಟು ಶಿಸ್ತಿನಿಂದ ಮನೆಯಲ್ಲಿ ಕಲಿಯಲಾಗುವುದಿಲ್ಲ.

ಪ್ರಶ್ನೆ (ಶಿವಮೊಗ್ಗ ನಗರದ ತಾಯಿಯೊಬ್ಬರಿಂದ): ಪ್ಯಾರಿಸ್ ಒಲಿಂಪಿಕ್ಸ್ ನೋಡಿದಾಗಿನಿಂದ ನನ್ನ ಹದಿನೈದು ವರ್ಷದ ಮಗಳು ಏರ್ ಪಿಸ್ತೂಲ್ ಕಲಿಯುವ ಹಟ ಹಿಡಿದಿದ್ದಾಳೆ. ಮಣಿಕಟ್ಟು ನಡುಗದಂತೆ ಬಿಗಿಯುವ ಆಸರೆ ಇರುವ ಪಿಸ್ತೂಲೊಂದು ಐದು ಸಾವಿರದೊಳಗೆ ಸಿಗುತ್ತದೆಂದು ಅಂಗಡಿಯವರು ಹೇಳಿದರು. ಕೊಡಿಸಬಹುದೆ? ಪರವಾನಗಿ ಬೇಕೆ?

ಉತ್ತರ: ಮಗಳ ಹಟಕ್ಕೆ ನನ್ನ ಪೂರ್ಣ ಬೆಂಬಲವಿದೆ, ಆ ಪಿಸ್ತೂಲಿಗೆ ಇಲ್ಲ. ಮನು ಭಾಕರ್ ಅವರು ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಮೊದಲ ನಿಯಮವೇ ಒಂದು ಕೈಯಲ್ಲಿ ಹಿಡಿಯಬೇಕು, ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು ಎಂಬುದು. ಆಸರೆಯೊಂದಿಗೆ ಕಲಿತ ಕೈಯನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಸ್ಪರ್ಧೆಯ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರಿನ ಎಳೆತ 500 ಗ್ರಾಮಿಗಿಂತ ಕಡಿಮೆ ಇರಬಾರದು, ಪೆಲೆಟ್ಟಿನ (ಸೀಸದ ಪುಟ್ಟ ಗುಂಡಿನ) ಅಳತೆ 4.5 ಮಿ.ಮೀ. ಗುರಿಪಟದ ನಡುವಿನ ಹತ್ತರ ವೃತ್ತ 11.5 ಮಿ.ಮೀ. ಅಗಲ, ಅಂದರೆ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತಲೂ ಸಣ್ಣದು.

ಪರವಾನಗಿಯ ವಿಷಯದಲ್ಲಿ ನೀವು ನಿಶ್ಚಿಂತರಾಗಿರಬಹುದು: 0.177 ಇಂಚು, ಅಂದರೆ 4.5 ಮಿ.ಮೀ. ಬೋರು ಮತ್ತು 20 ಜೌಲ್ ಶಕ್ತಿಯ ಮಿತಿಯೊಳಗಿನ ಗಾಳಿಬಂದೂಕಿಗೆ ಪರವಾನಗಿ ಬೇಕಾಗಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ, ಶಕ್ತಿ ಐದಾರು ಜೌಲ್ ಅಷ್ಟೇ. ಮೇಲೆ ಹೇಳಿದ 9 ಮಿ.ಮೀ. ಗುಂಡಿನದು ಅದರ ಎಂಬತ್ತು ಪಟ್ಟು. ಆದರೂ ಐದು ಜೌಲ್ ಕಣ್ಣು ಕಳೆಯಲು ಸಾಕು. ನನ್ನ ಅಕ್ಕನ ಮಗನಿಗೆ ಒಂದು ಅಂಗಡಿಯವರು ಆಟಿಕೆಯೆಂದು ಹೇಳಿ, ಉಕ್ಕಿನ ಗುಂಡು ಹಾರಿಸುವ ಗ್ಯಾಸಿನ ಪಿಸ್ತೂಲು ಕೊಟ್ಟಿದ್ದರು. ಹಿತ್ತಿಲಿನ ಕಲ್ಲಿನ ಗೋಡೆಗೆ ಹೊಡೆದ ಗುಂಡು ತಿರುಗಿ ಬಂದು ಅವನ ಕನ್ನಡಕದ ಗಾಜನ್ನು ಒಡೆಯಿತು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು. ಅಂದಿನಿಂದ ಉಕ್ಕಿನ ಗುಂಡಿನವನ್ನು ಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ. ಸೀಸದ, ಚಪ್ಪಟೆ ಮೂತಿಯ ಪೆಲೆಟ್ ಗುರಿಗೆ ಬಡಿದರೆ ಚಪ್ಪಟೆಯಾಗುತ್ತದೆ, ಕಾಗದದಲ್ಲಿ ಅಚ್ಚುಕಟ್ಟಾದ ತೂತನ್ನೂ ಮಾಡುತ್ತದೆ.

ಐದು ಸಾವಿರದೊಳಗಿನ ಸ್ಪ್ರಿಂಗ್ ಪಿಸ್ತೂಲುಗಳಲ್ಲಿ ಪೆಲೆಟ್ ಹೊರಡುವ ಮುನ್ನವೇ ಒಳಗಿನ ಕೊಂತ (ಪಿಸ್ಟನ್) ಮುಂದಕ್ಕೆ ಬಡಿದು ಪಿಸ್ತೂಲೆಲ್ಲ ಕುಲುಕುತ್ತದೆ. ಮಗಳ ತಪ್ಪೆಷ್ಟು, ಪಿಸ್ತೂಲಿನ ತಪ್ಪೆಷ್ಟು ಎಂಬುದು ಅವಳಿಗೆ ತಿಳಿಯದೆ ಬೇಸರ ಬಂದುಬಿಡುತ್ತದೆ. ಗಾಳಿಯನ್ನು ಮೊದಲೇ ತುಂಬಿಸಿಡುವ ಸಿಲಿಂಡರಿನ ಪಿಸ್ತೂಲು ಇದಕ್ಕೆ ಸರಿಯಾದದ್ದು, ಆದರೆ ವಿದೇಶಿ ಕಂಪನಿಗಳ ಸ್ಪರ್ಧೆಯ ಪಿಸ್ತೂಲು ಲಕ್ಷ ರೂಪಾಯಿ ದಾಟುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ಏನನ್ನೂ ಕೊಳ್ಳದೆ, ತರಬೇತಿ ಕೇಂದ್ರದ ಪಿಸ್ತೂಲಿನಲ್ಲಿಯೇ ಕಲಿಸಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಿದೆ. ರಜೆಯಲ್ಲಿ ಒಂದು ಶಿಬಿರಕ್ಕೆ ಕರೆದೊಯ್ದು, ಬೇರೆ ಬೇರೆ ಅಳತೆಯ ಹಿಡಿಗಳನ್ನು ಅವಳ ಅಂಗೈಗೆ ಹಿಡಿಸಿ ನೋಡಿ. ಹುಡುಗಿಯರ ಕೈಗೆ ದೊಡ್ಡ ಹಿಡಿಯನ್ನು ಕೊಟ್ಟು ಕಲಿಸುವುದು ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಆಮೇಲೆ, ಹತ್ತಿರದಲ್ಲಿ ರಿಪೇರಿಯೂ ಸೀಲುಗಳೂ ಸಿಗುವಂಥ ಹಳೆಯ ಸ್ಪರ್ಧೆಯ ಪಿಸ್ತೂಲೊಂದನ್ನು ತರಬೇತುದಾರರ ಮೂಲಕ ಕೊಂಡರೆ ಹಣ ನಷ್ಟವಾಗುವುದಿಲ್ಲ. ಸಿಲಿಂಡರಿನ ಮೇಲೆ ಅಚ್ಚಾಗಿರುವ ತಯಾರಿಕೆಯ ವರ್ಷವನ್ನೂ ಅದರ ಆಯುಷ್ಯದ ಅವಧಿಯನ್ನೂ ಓದದೆ ಹಣ ಕೊಡಬೇಡಿ. ಅವಧಿ ಮೀರಿದ ಸಿಲಿಂಡರಿಗೆ ಗಾಳಿ ತುಂಬಿಸಬಾರದು.

ಮನೆಯಲ್ಲಿ ಹತ್ತು ಮೀಟರ್ ಉದ್ದದ ಜಗುಲಿ ಅಥವಾ ಮಾಳಿಗೆ ಇದ್ದರೆ, ಗುರಿಪಟದ ನಡುವನ್ನು ನೆಲದಿಂದ 1.4 ಮೀಟರ್ ಎತ್ತರಕ್ಕೆ ಇಟ್ಟು, ಹಿಂದೆ ಕೆಳಮುಖವಾಗಿ ಓರೆಮಾಡಿದ ಉಕ್ಕಿನ ತಗಡಿನ ಪೆಟ್ಟಿಗೆಯನ್ನು ಇಡಿ. ಗುರಿಯ ಆಚೆ ಬಾಗಿಲಾಗಲಿ ಕಿಟಕಿಯಾಗಲಿ ಇರಬಾರದು. ಬೇಲಿಯ ಮೇಲಿನ ಹಕ್ಕಿಗೆ, ಮಾಡಿನ ಮೇಲಿನ ಮಂಗಕ್ಕೆ ಒಮ್ಮೆಯೂ ತಿರುಗಿಸಬಾರದೆಂದು ಮೊದಲ ದಿನವೇ ಮಾತು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಪಿಸ್ತೂಲನ್ನು ಅದರ ಸ್ಪಂಜಿನ ಪೆಟ್ಟಿಗೆಯಲ್ಲಿಯೇ ಬಿಟ್ಟರೆ ನಮ್ಮ ಕಡೆಯ ತೇವವನ್ನೆಲ್ಲ ಆ ಸ್ಪಂಜು ಹೀರಿ ಉಕ್ಕಿಗೆ ಕೊಡುತ್ತದೆ. ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬೀಗವಿರುವ ಕಬ್ಬಿಣದ ಕಪಾಟಿನಲ್ಲಿಡಿ, ಪೊಟ್ಟಣಗಳನ್ನು ಹದಿನೈದು ದಿನಕ್ಕೊಮ್ಮೆ ಒಲೆಯ ಬಿಸಿಯ ಬಳಿ ಒಣಗಿಸಿ.

ಪಿಸ್ತೂಲು ಬರುವವರೆಗೆ ಮಗಳು ಸುಮ್ಮನೆ ಕೂರಬೇಕಾಗಿಲ್ಲ. ಒಂದು ಲೀಟರ್ ನೀರಿನ ಬಾಟಲಿಯನ್ನು ಹಿಡಿದು ಭುಜದ ಎತ್ತರಕ್ಕೆ ಎತ್ತಿ, ಹತ್ತು ಸೆಕೆಂಡ್ ನಿಲ್ಲಿಸಿ, ನಿಧಾನವಾಗಿ ಇಳಿಸಲಿ. ದಿನಕ್ಕೆ ಅರವತ್ತು ಸಲ, ಏಕೆಂದರೆ ಸ್ಪರ್ಧೆಯಲ್ಲಿ ಅವಳು ಅರವತ್ತು ಈಡು ಹೊಡೆಯಬೇಕಾಗುತ್ತದೆ.